ನಾಲ್ಕನೇ ಆ್ಯಕ್ಸಿಸ್‌ಗೆ ಎತ್ತರ ಮೊದಲು, ಮೋಟಾರು ಆಮೇಲೆ

ಪ್ರಶ್ನೆ: ನಾನೇ ಕಟ್ಟಿಕೊಂಡ ಮರಗೆಲಸದ ಸಿಎನ್‌ಸಿ ರೂಟರ್ ಇದೆ. ಗ್ಯಾಂಟ್ರಿ, ಅಂದರೆ ಬೆಡ್‌ಗೆ ಅಡ್ಡಲಾಗಿ ನಿಂತ ಕಮಾನು, ಉದ್ದಕ್ಕೆ (ವೈ) 900 ಮಿ.ಮೀ. ಓಡುತ್ತದೆ, ಅದರ ಮೇಲೆ ರೂಟರ್ ಅಡ್ಡಕ್ಕೆ (ಎಕ್ಸ್) 600 ಮಿ.ಮೀ. ಓಡುತ್ತದೆ. ನೀಮಾ 23 ಸ್ಟೆಪರ್ ಮೋಟಾರುಗಳು, ಬಿಡಿ ಬಿಡಿ ಡ್ರೈವರ್‌ಗಳು, ಕಂಟ್ರೋಲರ್ ಆಗಿ ಆರ್ಡುಯಿನೊ ಊನೊ ಬೋರ್ಡಿನ ಮೇಲೆ ಜಿಆರ್‌ಬಿಎಲ್ ತಂತ್ರಾಂಶ. 700 ಮಿ.ಮೀ. ಉದ್ದದ ಮೇಜಿನ ಕಾಲು, ಸುರುಳಿ ಕಂಬ ಮಾಡಲು ತುಂಡನ್ನು ತಿರುಗಿಸುವ ನಾಲ್ಕನೇ ಆ್ಯಕ್ಸಿಸ್, ಅಂದರೆ ರೋಟರಿ ಆ್ಯಕ್ಸಿಸ್, ಸೇರಿಸಬೇಕೆಂದಿದ್ದೇನೆ. ಮೋಟಾರಿಗೆ ನೇರವಾಗಿ ಚಕ್ (ತುಂಡನ್ನು ಕಚ್ಚಿ ಹಿಡಿಯುವ ದವಡೆ) ಕೂರಿಸಿದರೆ ಸಾಕೇ, ಗೇರ್ ಬೇಕೇ? ಕಂಟ್ರೋಲರ್ ಬದಲಿಸಲೇಬೇಕೇ? ಸೆಂಟರ್, ಅಂದರೆ ತುಂಡು ತಿರುಗುವ ನಡುಗೆರೆ, ಹಿಡಿಯುವುದು ಹೇಗೆ? ತೆಳ್ಳಗಿನ ಭಾಗ ಕಡೆಯುವಾಗ ಅದುರುವುದಿಲ್ಲವೇ?

ಉತ್ತರ: ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ಮೊದಲು ನಾನೇ ಕೇಳುತ್ತೇನೆ. ಗ್ಯಾಂಟ್ರಿ ಬೀಮಿನ ತಳದಿಂದ ಬೆಡ್‌ವರೆಗೆ ಎಷ್ಟು ಜಾಗ ಇದೆ? ಮನೆಯಲ್ಲಿ ಕಟ್ಟಿದ ಯಂತ್ರಗಳು ಹಲಗೆ ಕೊರೆಯಲೆಂದೇ ಹುಟ್ಟಿದವು. ಗ್ಯಾಂಟ್ರಿ ತಗ್ಗಾದಷ್ಟೂ ಯಂತ್ರ ಗಟ್ಟಿ ಎಂದು ನಾವೇ ಅದನ್ನು ತಗ್ಗಿಸಿ ಕಟ್ಟಿರುತ್ತೇವೆ. ರೋಟರಿ ತಂದು ಇಟ್ಟ ದಿನ ಅದರ ಬಿಸಿ ತಟ್ಟುತ್ತದೆ.

ಒಂದು ಲೆಕ್ಕ ಹಾಕೋಣ. ಬೀಮಿನ ಕೆಳಗೆ 100 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. 100 ಮಿ.ಮೀ. ಚಕ್ ಇರುವ ಸಿದ್ಧ ರೋಟರಿಯ ಸೆಂಟರ್ ಬೆಡ್‌ನಿಂದ 65 ಮಿ.ಮೀ. ಮೇಲಿದೆ. ಅದಕ್ಕೆ 60 ಮಿ.ಮೀ. ಚೌಕದ ತುಂಡು ಹಿಡಿಸಿದಿರಿ. ಮಟ್ಟಸವಾಗಿ ನಿಂತಾಗ ತುಂಡಿನ ಮೇಲ್ಮೈ 95ರಲ್ಲಿ ಇರುತ್ತದೆ, ತೊಂದರೆಯಿಲ್ಲ. ಆದರೆ ತಿರುಗತೊಡಗಿದಾಗ ಮೂಲೆ ಮೇಲೆ ಬರುತ್ತದೆ. ಸೆಂಟರ್‌ನಿಂದ ಮೂಲೆಗಿರುವ ದೂರ 30 ಅಲ್ಲ, 42.4. ಒಟ್ಟು 107.4. ತುಂಡು ಬೀಮಿನಡಿ ತಿರುಗುವುದೇ ಇಲ್ಲ! ಇನ್ನು ರೂಟರ್ ಬಿಟ್ ಅದರ ಮೇಲೆ ನಿಲ್ಲುವ ಮಾತೆಲ್ಲಿ?

ಆದ್ದರಿಂದ ಲೆಕ್ಕವನ್ನು ಚಕ್‌ನಿಂದ ಶುರು ಮಾಡಬೇಡಿ, ಬಿಟ್‌ನ ತುದಿಯಿಂದ ಶುರು ಮಾಡಿ. ನೀವು ಬಳಸುವ ಅತಿ ಉದ್ದದ ಬಿಟ್ ಹಾಕಿ, ರೂಟರನ್ನು ಮೇಲೆ ಕೆಳಗೆ ಓಡಿಸುವ ಝಡ್ ಅನ್ನು ಪೂರ್ತಿ ಮೇಲೆತ್ತಿ, ತುದಿ ಬೆಡ್‌ನಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. 90 ಮಿ.ಮೀ. ಬಂತು ಅನ್ನಿ. ಮೂಲೆಗೆ 42.4, ಅದರ ಮೇಲೆ ಕನಿಷ್ಠ 5 ಮಿ.ಮೀ. ಉಸಿರಾಡುವ ಜಾಗ. ಎರಡನ್ನೂ ಕಳೆದರೆ ಸೆಂಟರ್ ಇರಬೇಕಾದ್ದು ಬೆಡ್‌ನಿಂದ 42 ಮಿ.ಮೀ. ಒಳಗೆ. ಚಕ್‌ನ ತ್ರಿಜ್ಯವೇ 50. ಹಾಗಾಗಿ ಬೆಡ್ ತೋಡಲೇಬೇಕು. ಬೆಡ್‌ನ ಒಂದು ಪಕ್ಕದಲ್ಲಿ ಉದ್ದಕ್ಕೂ ಚಕ್ ಮತ್ತು ಅದನ್ನು ಹೊತ್ತ ಹೆಡ್‌ಸ್ಟಾಕ್ ಇಳಿಯುವಷ್ಟು ಅಗಲದ ಕಾಲುವೆ ಬಿಡಿಸಿ, ರೋಟರಿಯನ್ನು ಕೆಳಗಿನ ಫ್ರೇಮಿಗೆ ಕೂರಿಸಿ, ಹಲಗೆ ಕೆಲಸ ಇರುವಾಗ ಕಾಲುವೆಯ ಮೇಲೊಂದು ಮುಚ್ಚಳದ ಹಲಗೆ ಹಾಕಿ. ಗ್ಯಾಂಟ್ರಿಯನ್ನೇ ಎತ್ತರಿಸುವವರೂ ಇದ್ದಾರೆ. ನನಗದು ಹಿಡಿಸದು, ರೋಟರಿಗಾಗಿ ವರ್ಷವಿಡೀ ಮಾಡುವ ಹಲಗೆ ಕೆಲಸದ ಬಿಗಿ ಕಳೆದುಕೊಂಡ ಹಾಗಾಗುತ್ತದೆ.

ಉದ್ದಕ್ಕೂ ಎಂದೆ, ಅದಕ್ಕೆ ಕಾರಣವಿದೆ. ರೋಟರಿಯನ್ನು ಎಕ್ಸ್‌ಗೆ ಸಮಾನಾಂತರವಾಗಿ ಇಟ್ಟು ವೈ ಮೋಟಾರಿನ ಬದಲು ರೋಟರಿ ಜೋಡಿಸುವ ವಿಧಾನವೇ ಹೆಚ್ಚು ರೂಢಿಯಲ್ಲಿದೆ. ನಿಮ್ಮ ಎಕ್ಸ್ ಓಟ 600 ಮಾತ್ರ, 700ರ ಕಾಲು ಅಲ್ಲಿ ಹಿಡಿಯುವುದಿಲ್ಲ. ಉದ್ದ ಓಟವಾದ ವೈಗೆ ಸಮಾನಾಂತರವಾಗಿ ಇಟ್ಟರೆ ಕಾಲು ಆರಾಮವಾಗಿ ಕೂರುತ್ತದೆ, ರೋಟರಿಗೆ ಬಿಟ್ಟುಕೊಡಬೇಕಾದದ್ದು ಎಕ್ಸ್ ಆಗುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ: ಗ್ಯಾಂಟ್ರಿಗೆ ಸಾಮಾನ್ಯವಾಗಿ ಎರಡೂ ಬದಿ ಮೋಟಾರು, ಎಕ್ಸ್‌ಗೆ ಒಂದೇ. ಒಂದನ್ನು ಪಕ್ಕಕ್ಕಿಡುವುದು ಸುಲಭ. (ನಿಯಮದಂತೆ ಎಕ್ಸ್ ಸುತ್ತ ತಿರುಗುವುದು ಎ, ವೈ ಸುತ್ತ ತಿರುಗುವುದು ಬಿ. ಎಲ್ಲರೂ ಎಲ್ಲವನ್ನೂ ಎ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.)

ಇಲ್ಲಿ ಒಂದು ನಿಮಿಷ ನಿಲ್ಲಿ. ನಿಮ್ಮ ಪಟ್ಟಿಯಲ್ಲಿ ಮೇಜಿನ ಕಾಲು ಮೊದಲಿದೆ. ನಾಲ್ಕು ಮುಖದಲ್ಲಿ ಕೆತ್ತನೆ, ಸುತ್ತಲೂ ನೇರ ಗೀರು, ಎಂಟು ಮೂಲೆಯ ಕಂಬ, ತುದಿಯಲ್ಲಿ ಕೀಲು. ಇಷ್ಟೇ ಆದರೆ ಮೋಟಾರೇ ಬೇಡ. ನಿಮ್ಮ ಯಂತ್ರದಲ್ಲೇ ಒಂದು ವೃತ್ತಾಕಾರದ ಫಲಕ ಕತ್ತರಿಸಿ, ಅಂಚಿನಲ್ಲಿ 24 ತೂತು ಕೊರೆದು, ಒಂದು ಪಿನ್ನಿನಿಂದ ಬೀಗ ಹಾಕುವ ಹಾಗೆ ಮಾಡಿಕೊಳ್ಳಿ. ಒಂದು ತೂತಿಗೆ 15 ಡಿಗ್ರಿ. 2, 3, 4, 6, 8, 12, 24 ಭಾಗಗಳೆಲ್ಲ ಸಿಗುತ್ತವೆ. ಒಂದು ಮುಖ ಕೊರೆದು, ಕೈಯಿಂದ ತಿರುಗಿಸಿ, ಪಿನ್ ಹಾಕಿ ಮುಂದಿನದು. ಕಂಟ್ರೋಲರ್‌ಗೆ ಇದರ ಸುಳಿವೂ ಸಿಗುವುದಿಲ್ಲ. ಪಿನ್ ಬಿದ್ದ ಫಲಕದಷ್ಟು ಗಟ್ಟಿಯಾಗಿ ಯಾವ ಸ್ಟೆಪರ್ ಮೋಟಾರೂ ತುಂಡನ್ನು ಹಿಡಿಯಲಾರದು. ಸುರುಳಿ ಬೇಕೆಂದಾಗ ಮಾತ್ರ ಮೋಟಾರಿನ ಅವಶ್ಯಕತೆ. ಅದೇ ಹೆಡ್‌ಸ್ಟಾಕ್‌ಗೆ ಆಮೇಲೆ ಮೋಟಾರು ಜೋಡಿಸಬಹುದು. ಮೊದಲ ತಿಂಗಳು ಫಲಕದಲ್ಲೇ ಕಳೆಯಿರಿ ಎಂಬುದು ನನ್ನ ಸಲಹೆ.

ಈಗ ಮೋಟಾರು. ನೇರ ಜೋಡಣೆ ಬೇಡ. ಸಾಮಾನ್ಯ ಸ್ಟೆಪರ್‌ಗೆ ಒಂದು ಸುತ್ತಿಗೆ 200 ಹೆಜ್ಜೆ, ಒಂದು ಹೆಜ್ಜೆ 1.8 ಡಿಗ್ರಿ. 40 ಮಿ.ಮೀ. ತ್ರಿಜ್ಯದ ತುಂಡಿನ ಮೇಲ್ಮೈಯಲ್ಲಿ ಅದು 1.26 ಮಿ.ಮೀ. ಆಯಿತು. ಒಂದು ಹೆಜ್ಜೆಯನ್ನು ಸಣ್ಣ ಹೆಜ್ಜೆಗಳಾಗಿ ಒಡೆಯುವ ಮೈಕ್ರೋಸ್ಟೆಪ್ ಇದೆಯಲ್ಲ ಎನ್ನುತ್ತೀರಿ. ಮೈಕ್ರೋಸ್ಟೆಪ್ ನಯವಾದ ಓಟ ಕೊಡುತ್ತದೆ, ಬಲ ಕೊಡುವುದಿಲ್ಲ. 16ರ ಮೈಕ್ರೋಸ್ಟೆಪ್‌ನಲ್ಲಿ ಒಂದು ಸಣ್ಣ ಹೆಜ್ಜೆಯಷ್ಟು ಸರಿಸಲು ಮೋಟಾರಿನ ಹಿಡಿತದ ಸುಮಾರು ಹತ್ತನೇ ಒಂದು ಪಾಲು ಬಲ ಸಾಕು. ಬಿಟ್ ಮರಕ್ಕೆ ತಾಗಿದಾಗ ಅಷ್ಟು ಬಲ ಬಂದೇ ಬರುತ್ತದೆ. ಬಿಟ್ 30 ನ್ಯೂಟನ್‌ನಷ್ಟು ತಳ್ಳಿತು ಅಂದುಕೊಂಡರೂ 40 ಮಿ.ಮೀ. ತ್ರಿಜ್ಯದಲ್ಲಿ ಅದು 1.2 ನ್ಯೂಟನ್ ಮೀಟರ್ ತಿರುಚು ಬಲ. ನೇರ ಜೋಡಿಸಿದ ನೀಮಾ 23 ಅಲ್ಲಿಗೇ ಏದುಸಿರು ಬಿಡುತ್ತದೆ, ತುಂಡು ತಡವರಿಸಿ ಮೇಲ್ಮೈ ಅಲೆಅಲೆಯಾಗುತ್ತದೆ.

ಹಾಗೆಂದು ಲೋಹದ ಕೆಲಸಕ್ಕೆ ಮಾಡಿದ ವರ್ಮ್ ಗೇರಿನ (ಸ್ಕ್ರೂನಂಥ ಗೇರಿನಿಂದ ತಿರುಗುವ) ಮೇಜು ತರಬೇಡಿ. ಅದು ಬಿಗಿಯಾದದ್ದು, ನಿಜ. ಆದರೆ ಮರಕ್ಕೆ ವೇಗ ಬೇಕು. ತುಂಡಿನ ತ್ರಿಜ್ಯ 10 ಮಿ.ಮೀ.ಗೆ ಇಳಿದಾಗ ಮೇಲ್ಮೈಯಲ್ಲಿ ನಿಮಿಷಕ್ಕೆ 1500 ಮಿ.ಮೀ. ಓಟ ಬೇಕೆಂದರೆ ತುಂಡು ನಿಮಿಷಕ್ಕೆ ಸುಮಾರು 24 ಸುತ್ತು ತಿರುಗಬೇಕು. 80:1 ವರ್ಮ್ ಇದ್ದರೆ ಮೋಟಾರು 1900 ಸುತ್ತು ಓಡಬೇಕಾಗುತ್ತದೆ. ಆ ವೇಗದಲ್ಲಿ ಸ್ಟೆಪರ್‌ಗೆ ಬಲವೇ ಉಳಿದಿರುವುದಿಲ್ಲ. 6:1 ಬೆಲ್ಟ್ ಆದರೆ ಮೋಟಾರು 143 ಸುತ್ತಿನಲ್ಲಿ ನೆಮ್ಮದಿಯಾಗಿರುತ್ತದೆ, ತಿರುಚು ಬಲ ಹೆಚ್ಚುಕಡಿಮೆ ಆರು ಪಟ್ಟಾಗುತ್ತದೆ. 15 ಹಲ್ಲಿನ ಪುಲ್ಲಿಯಿಂದ 90 ಹಲ್ಲಿನ ಪುಲ್ಲಿಗೆ ಒಂದು ಟೈಮಿಂಗ್ ಬೆಲ್ಟ್, ಅಷ್ಟೇ. ಚಿಕ್ಕ ಪುಲ್ಲಿಯಲ್ಲಿ ಕನಿಷ್ಠ ಆರು ಹಲ್ಲುಗಳಾದರೂ ಬೆಲ್ಟಿಗೆ ಕಚ್ಚಿಕೊಂಡಿರಬೇಕು. ಎರಡು ಪುಲ್ಲಿಗಳನ್ನು ತೀರಾ ಹತ್ತಿರ ಇಟ್ಟರೆ ಅದು ಆಗುವುದಿಲ್ಲ. ಬೆಲ್ಟಿಗೆ ಮುಚ್ಚಳ ಹಾಕಿ. ಮರದ ಹೊಟ್ಟು ಹಲ್ಲುಗಳ ನಡುವೆ ಒತ್ತಿಕೊಂಡು ಗಟ್ಟಿಯಾದರೆ ಬೆಲ್ಟ್ ಹಲ್ಲು ಹಾರುತ್ತದೆ, ನೀವು ಸುಮ್ಮನೆ ಡ್ರೈವರನ್ನು ಬೈಯುತ್ತಿರುತ್ತೀರಿ.

ಹಾರ್ಮೋನಿಕ್ ಡ್ರೈವ್ ಎಂಬ ಗೇರ್ ಸಿಕ್ಕರೆ ದಿಕ್ಕು ಬದಲಿಸುವಾಗಿನ ಸಡಿಲು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ಅನುಪಾತ 50:1, 100:1 ಎಂದಿರುವುದರಿಂದ ಮರಕ್ಕೆ ನಿಧಾನವೇ. ಸಡಿಲಿನ ಬಗ್ಗೆ ಅತಿಯಾಗಿ ಹೆದರಬೇಡಿ: 0.1 ಡಿಗ್ರಿ ಸಡಿಲು 40 ಮಿ.ಮೀ. ತ್ರಿಜ್ಯದಲ್ಲಿ 0.07 ಮಿ.ಮೀ. ಮರ ಒಂದು ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಉಬ್ಬುತ್ತದೆ.

ಕಂಟ್ರೋಲರ್ ಬದಲಿಸಲೇಬೇಕೆಂದಿಲ್ಲ. ಊನೊ ಮೇಲಿನ ಜಿಆರ್‌ಬಿಎಲ್ ಮೂರೇ ಆ್ಯಕ್ಸಿಸ್ ಬಲ್ಲದು, ಆದ್ದರಿಂದ ಎಕ್ಸ್ ಅನ್ನು ಎರವಲು ಪಡೆಯುತ್ತೇವೆ. ಇಲ್ಲಿ ಹಲವರು ಎಕ್ಸ್ ಮೋಟಾರಿನ ತಂತಿ ಕಿತ್ತು ರೋಟರಿ ಮೋಟಾರಿಗೆ ಸಿಕ್ಕಿಸುತ್ತಾರೆ. ಡ್ರೈವರ್‌ಗೆ ಕರೆಂಟ್ ಇರುವಾಗ ಹಾಗೆ ಮಾಡಿದರೆ ಡ್ರೈವರ್ ಸುಟ್ಟೇ ಹೋಗಬಹುದು. ಅಲ್ಲದೆ ಹಿಡಿತ ಹೋದ ರೂಟರ್ ಬೀಮಿನ ಮೇಲೆ ಅತ್ತಿತ್ತ ಜಾರುತ್ತದೆ. ಅದರ ಬದಲು ರೋಟರಿಗೆ ಇನ್ನೊಂದು ಡ್ರೈವರ್ ಕೊಟ್ಟು, ಕಂಟ್ರೋಲರ್‌ನಿಂದ ಬರುವ ಸ್ಟೆಪ್ ಮತ್ತು ಡೈರೆಕ್ಷನ್ ಸಂಕೇತಗಳನ್ನು ಮಾತ್ರ ಒಂದು ಜೋಡಿ ಸ್ವಿಚ್ಚಿನಿಂದ ಅತ್ತ ಅಥವಾ ಇತ್ತ ತಿರುಗಿಸಿ. ಎರಡೂ ಡ್ರೈವರ್‌ಗಳು ಚಾಲೂ ಇರುವುದರಿಂದ ಎಕ್ಸ್ ಮೋಟಾರು ರೂಟರನ್ನು ಸೆಂಟರ್ ಲೈನ್ ಮೇಲೆ ತಾನೇ ಹಿಡಿದು ನಿಲ್ಲಿಸುತ್ತದೆ. ಒಂದು ಸೆಟ್ಟಿಂಗ್ ಮರೆಯಬೇಡಿ: ಓಟ ನಿಂತಾಗ ಜಿಆರ್‌ಬಿಎಲ್ ಮೋಟಾರುಗಳನ್ನು ಸಡಿಲ ಬಿಡದಂತೆ ಅದರ $1 ಎಂಬ ಸೆಟ್ಟಿಂಗ್‌ಗೆ 255 ಕೊಡಿ.

ಸೆಟ್ಟಿಂಗ್ ಲೆಕ್ಕ ಹೀಗೆ. 200 ಹೆಜ್ಜೆ, 8ರ ಮೈಕ್ರೋಸ್ಟೆಪ್, 6:1 ಬೆಲ್ಟ್. ತುಂಡಿನ ಒಂದು ಸುತ್ತಿಗೆ 9600 ಹೆಜ್ಜೆ. ತುಂಡಿನ ವ್ಯಾಸ 60 ಆದರೆ ಸುತ್ತಳತೆ 188.5 ಮಿ.ಮೀ. 9600ನ್ನು ಅದರಿಂದ ಭಾಗಿಸಿದರೆ 50.93. ಈ ಸಂಖ್ಯೆ ಎಕ್ಸ್‌ನ ಮಿಲಿಮೀಟರಿಗೆ ಹೆಜ್ಜೆ ಹೇಳುವ $100ಕ್ಕೆ ಹೋಗುತ್ತದೆ. ಈಗ 188.5 ಮಿ.ಮೀ. ಅಗಲದ ಚಪ್ಪಟೆ ವಿನ್ಯಾಸವನ್ನು ಎಂದಿನಂತೆ ಕೊರೆಸಿದರೆ ಅದು ತುಂಡಿನ ಸುತ್ತ ಸುತ್ತಿಕೊಳ್ಳುತ್ತದೆ. $110 ವೇಗ, $120 ವೇಗೋತ್ಕರ್ಷಗಳನ್ನೂ ರೋಟರಿಗೆ ತಕ್ಕಂತೆ ಬದಲಿಸಿ, ಓಟದ ಗಡಿ ಕಾಯುವ ಸಾಫ್ಟ್ ಲಿಮಿಟ್ ($20) ಆಫ್ ಮಾಡಿ. ಎರಡು ಗುಂಪಿನ ಸೆಟ್ಟಿಂಗ್‌ಗಳನ್ನು ಎರಡು ಕಡತಗಳಲ್ಲಿ ಇಟ್ಟುಕೊಂಡರೆ ತಪ್ಪುವ ಭಯವಿಲ್ಲ. ಹಲಗೆ ಕೆಲಸಕ್ಕೆ ಮರಳುವಾಗ ಹೋಮಿಂಗ್ (ಯಂತ್ರ ತನ್ನ ಮೂಲ ಜಾಗವನ್ನು ಹುಡುಕಿಕೊಳ್ಳುವುದು) ಮಾಡಲೇಬೇಕು, ಏಕೆಂದರೆ ರೋಟರಿ ತಿರುಗಿದಷ್ಟೂ ಎಕ್ಸ್ ಓಡಿದೆ ಎಂದೇ ಕಂಟ್ರೋಲರ್ ನಂಬಿಕೊಂಡಿರುತ್ತದೆ.

ಎಕ್ಸ್ ಕೂಡ ಚಲಿಸುತ್ತಾ ತುಂಡೂ ತಿರುಗಬೇಕು ಎನಿಸಿದ ದಿನ ನಿಜವಾದ ನಾಲ್ಕು ಆ್ಯಕ್ಸಿಸ್‌ಗೆ ಹೋಗಿ. ಗ್ರಬಲ್‌ಹಾಲ್, ಇಎಸ್‌ಪಿ32 ಮೇಲಿನ ಫ್ಲೂಯಿಡ್‌ಎನ್‌ಸಿ, ಮ್ಯಾಕ್3, ಲಿನಕ್ಸ್‌ಸಿಎನ್‌ಸಿ ಎಂಬ ಕಂಟ್ರೋಲರ್ ತಂತ್ರಾಂಶಗಳೆಲ್ಲವೂ ಇದನ್ನು ಮಾಡುತ್ತವೆ. ಅಲ್ಲಿ ಎ ಮಿಲಿಮೀಟರಿನಲ್ಲಲ್ಲ, ಡಿಗ್ರಿಯಲ್ಲಿ ಓಡುತ್ತದೆ. ಮೇಲಿನ ಲೆಕ್ಕದಲ್ಲೇ ಡಿಗ್ರಿಗೆ 26.667 ಹೆಜ್ಜೆ. ಇಲ್ಲೊಂದು ಹೊಂಡವಿದೆ. ಓಟದ ವೇಗ ಹೇಳುವುದು ಎಫ್. ಎ ಒಂದೇ ತಿರುಗುವಾಗ ಎಫ್1000 ಎಂದರೆ ನಿಮಿಷಕ್ಕೆ 1000 ಡಿಗ್ರಿ. 40 ಮಿ.ಮೀ. ತ್ರಿಜ್ಯದಲ್ಲಿ ಅದು ಸುಮಾರು 700 ಮಿ.ಮೀ. ಓಟ, 5 ಮಿ.ಮೀ. ತ್ರಿಜ್ಯದಲ್ಲಿ ಬರೀ 87. ಬಿಟ್ ಒಂದೇ ಕಡೆ ಉಜ್ಜುತ್ತಾ ನಿಂತು ಮರ ಕಪ್ಪಾಗುತ್ತದೆ. ಜಿ93 ಎಂಬ ಆದೇಶ ಇದಕ್ಕೆಂದೇ ಇದೆ: ಆದೇಶಗಳ ಪ್ರತಿ ಸಾಲೂ ಎಷ್ಟು ಹೊತ್ತಿನಲ್ಲಿ ಮುಗಿಯಬೇಕೆಂದು ಅದು ಹೇಳುತ್ತದೆ, ಪ್ರತಿ ಸಾಲಿಗೂ ಎಫ್ ಸಂಖ್ಯೆ ಇರಲೇಬೇಕು. ವಿನ್ಯಾಸವನ್ನು ಓಟವಾಗಿಸುವ ನಿಮ್ಮ ಕ್ಯಾಮ್ ತಂತ್ರಾಂಶದಲ್ಲಿ ಯಂತ್ರದ ಆದೇಶ ಬರೆಯುವ ಭಾಗ, ಅಂದರೆ ಪೋಸ್ಟ್ ಪ್ರೊಸೆಸರ್, ಇದನ್ನು ಬರೆಯುತ್ತದೆಯೇ ನೋಡಿಕೊಳ್ಳಿ. ಎಕ್ಸ್ ಎರವಲಿನ ಬಡವರ ದಾರಿಯಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಲೆಕ್ಕವೇ ಮೇಲ್ಮೈಯ ಮಿಲಿಮೀಟರಿನಲ್ಲಿದೆ.

ಇನ್ನು ಸೆಂಟರ್ ಹಿಡಿಯುವುದು. ರೋಟರಿ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಚಕ್‌ನ ನಡುವಿನಿಂದ, ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್‌ನ ಮೊನೆಗೆ ಒಂದು ನೂಲು ಎಳೆದಂತೆ ಕಲ್ಪಿಸಿಕೊಳ್ಳಿ. ಆ ನೂಲು ಗಾಳಿಯಲ್ಲಿ ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಿರಬೇಕು, ಅದು ವೈ ಓಟಕ್ಕೆ ಸಮಾನಾಂತರವಾಗಿರಬೇಕು. ಮೊದಲು ನೇರವಾದ ಉಕ್ಕಿನ ಸರಳೊಂದನ್ನು ಎರಡರ ನಡುವೆ ಹಿಡಿಸಿ, ರೂಟರ್ ಮೌಂಟಿಗೆ ಡಯಲ್ ಗೇಜ್ ಕಟ್ಟಿ, ಸರಳಿನ ನೆತ್ತಿಯ ಮೇಲೆ ಉದ್ದಕ್ಕೂ ಒಮ್ಮೆ, ಪಕ್ಕದಲ್ಲಿ ಒಮ್ಮೆ ಓಡಿಸಿ. ಚಕ್ ಹತ್ತಿರದ ಅಳತೆ ತೆಗೆದ ಮೇಲೆ ಸರಳನ್ನು 180 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಅಳೆದು ಸರಾಸರಿ ಹಿಡಿಯಿರಿ, ಇಲ್ಲವಾದರೆ ಚಕ್‌ನ ಓಲಾಟವನ್ನೇ ಓರೆ ಎಂದು ತಿಳಿದು ಟೇಲ್‌ಸ್ಟಾಕನ್ನು ಸುಮ್ಮಸುಮ್ಮನೆ ಸರಿಸುತ್ತೀರಿ. 500 ಮಿ.ಮೀ. ಉದ್ದಕ್ಕೆ 0.1ರಿಂದ 0.2 ಮಿ.ಮೀ. ಒಳಗೆ ತಂದರೆ ಮರಕ್ಕೆ ಧಾರಾಳವಾಯಿತು.

ಝಡ್ ಸೊನ್ನೆಯನ್ನು ತುಂಡಿನ ಮೇಲ್ಮೈಯಲ್ಲಿ ಇಡುವ ಅಭ್ಯಾಸ ಇಲ್ಲಿ ಬಿಡಿ. ಸೊನ್ನೆ ಸೆಂಟರ್ ಲೈನಿನಲ್ಲೇ ಇರಲಿ. ತುಂಡು ಸೊಟ್ಟಗಿರಲಿ, ದಪ್ಪಗಿರಲಿ, ಸೆಂಟರ್ ಮಾತ್ರ ಬದಲಾಗುವುದಿಲ್ಲ. ಅಂದಾಜಿನಲ್ಲಿ ಸೊನ್ನೆ ಇಟ್ಟು, ಒಂದು ರದ್ದಿ ತುಂಡಿನ ಮೇಲೆ ಝಡ್ 15ರಲ್ಲಿ ಮಟ್ಟಸ ಮಾಡಿ. 180 ಡಿಗ್ರಿ ತಿರುಗಿಸಿ ಮತ್ತೆ 15ರಲ್ಲೇ ಮಟ್ಟಸ ಮಾಡಿ. ವರ್ನಿಯರ್‌ನಲ್ಲಿ ದಪ್ಪ 30 ಬರಬೇಕು. 30.6 ಬಂದರೆ ನಿಮ್ಮ ಸೊನ್ನೆ 0.3 ಮಿ.ಮೀ. ಮೇಲಿದೆ, ಅಷ್ಟು ಇಳಿಸಿ.

ಪಕ್ಕದ ಸೆಂಟರ್, ಅಂದರೆ ನಿಮ್ಮಲ್ಲಿ ಎಕ್ಸ್, ಹಿಡಿಯಲು ಬಿಟ್‌ನ ವ್ಯಾಸ ಗೊತ್ತಿರಬೇಕಾಗಿಲ್ಲದ ಒಂದು ಉಪಾಯವಿದೆ. ಸ್ವಿಚ್ ಎಕ್ಸ್ ಕಡೆಗಿರಲಿ. ತುಂಡನ್ನು ಮಾತ್ರ ಕೈಯಿಂದ ಅಥವಾ ಫಲಕದಿಂದ 180 ಡಿಗ್ರಿ ತಿರುಗಿಸಬೇಕು. ಬಿಟ್ಟನ್ನು ಎಕ್ಸ್ +20ರಲ್ಲಿ ನಿಲ್ಲಿಸಿ ತುಂಡಿನ ಪಕ್ಕವನ್ನು ನೇರವಾಗಿ ಸವರಿ, ತಿರುಗಿಸಿ, ಅದೇ +20ರಲ್ಲಿ ಇನ್ನೊಂದು ಪಕ್ಕ ಸವರಿ. ಅಗಲ ಅಳೆದು ಬರೆದುಕೊಳ್ಳಿ. ತುಂಡಿನ ಇನ್ನೊಂದು ಜಾಗದಲ್ಲಿ ಇದನ್ನೇ −20ರಲ್ಲಿ ಮಾಡಿ. ಎರಡು ಅಗಲಗಳ ವ್ಯತ್ಯಾಸದ ನಾಲ್ಕನೇ ಒಂದು ಭಾಗವೇ ತಪ್ಪು. +20ರ ಅಗಲ ಹೆಚ್ಚು ಬಂದರೆ ನಿಮ್ಮ ಎಕ್ಸ್ ಸೊನ್ನೆ ಪ್ಲಸ್ ಕಡೆಗೆ ವಾಲಿದೆ.

ಬಿಟ್ ಬದಲಿಸಿದಾಗಲೆಲ್ಲ ಇದನ್ನು ಮಾಡಬೇಕಿಲ್ಲ. ಹೆಡ್‌ಸ್ಟಾಕ್ ಮೇಲೆ ಒಂದು ಚಪ್ಪಟೆ ಜಾಗ ಮಾಡಿ, ಅದು ಸೆಂಟರ್‌ನಿಂದ ಎಷ್ಟು ಮೇಲಿದೆ ಎಂದು ಒಮ್ಮೆ ಕಂಡುಕೊಂಡು ಮಾರ್ಕರಿನಲ್ಲಿ ಅಲ್ಲೇ ಬರೆದುಬಿಡಿ. ಹೊಸ ಬಿಟ್ ಅಲ್ಲಿ ಮುಟ್ಟಿಸಿ ಆ ಸಂಖ್ಯೆ ಕೊಟ್ಟರೆ ಸೊನ್ನೆ ಸಿಕ್ಕಿತು. ಒಂದು ಎಚ್ಚರಿಕೆ: ಈಗ ಝಡ್ ಸೊನ್ನೆಗೆ ಹೋಗು ಎಂದರೆ ಬಿಟ್ ಮರದ ಹೊಟ್ಟೆಯೊಳಗೇ ಇಳಿಯುತ್ತದೆ. ತಂತ್ರಾಂಶದಲ್ಲಿ ಆ ಗುಂಡಿಯನ್ನು ಮುಟ್ಟುವ ರೂಢಿಯಿದ್ದರೆ ಬಿಟ್ಟುಬಿಡಿ. ಸುರಕ್ಷಿತ ಎತ್ತರವೂ ಮೂಲೆಯ ಲೆಕ್ಕದ್ದೇ ಇರಲಿ. ನನ್ನ ಮೊದಲ ಚೌಕ ತುಂಡಿಗೆ 35 ಕೊಟ್ಟಿದ್ದೆ, 30ಕ್ಕಿಂತ ಹೆಚ್ಚಿದೆಯಲ್ಲ ಎಂಬ ಧೈರ್ಯದಲ್ಲಿ. ಮೊದಲ ಕಾಲು ಸುತ್ತಿನಲ್ಲೇ ಮೂಲೆ ಬಂದು ಬಿಟ್ಟನ್ನು ಮುರಿದು ಗೋಡೆಗೆ ಎಸೆಯಿತು. ಕನ್ನಡಕ ಹಾಕಿದ್ದೆ, ಅಷ್ಟೇ ಪುಣ್ಯ. ಇವತ್ತಿಗೂ ಚೌಕದ ಮೂಲೆಗಳನ್ನು ಮೊದಲೇ ಗರಗಸದಲ್ಲಿ ತೆಗೆದು ಎಂಟು ಮುಖ ಮಾಡಿಕೊಳ್ಳುತ್ತೇನೆ. ಆಗ ಮೂಲೆಯ ದೂರ 42.4ರಿಂದ 32.5ಕ್ಕೆ ಇಳಿಯುತ್ತದೆ, ಯಂತ್ರದ ಸಮಯವೂ ಉಳಿಯುತ್ತದೆ.

ತುಂಡು ಹಿಡಿಯಲು ಚೌಕಕ್ಕೆ ನಾಲ್ಕು ದವಡೆಯ ಚಕ್ ಬೇಕು, ಮೂರು ದವಡೆಯದ್ದು ದುಂಡಗಿನದಕ್ಕೆ ಮಾತ್ರ. ಲೇತ್‌ನಲ್ಲಿ ಬಳಸುವ ಮುಳ್ಳಿನ ಸೆಂಟರ್ ಇಲ್ಲಿ ನೆಚ್ಚಬೇಡಿ. ಲೇತ್‌ನಲ್ಲಿ ಬಲ ಸದಾ ಒಂದೇ ದಿಕ್ಕಿಗೆ. ಇಲ್ಲಿ ತುಂಡು ಹಿಂದೆ ಮುಂದೆ ತಿರುಗುತ್ತದೆ, ಮುಳ್ಳು ಕಚ್ಚಿದ ಜಾಗ ನುಜ್ಜಾಗಿ ಸಡಿಲವಾಗುತ್ತದೆ. ಟೇಲ್‌ಸ್ಟಾಕ್‌ಗೆ ಬೇರಿಂಗ್ ಇರುವ ಮೊನೆ ಹಾಕಿ. ಮರದ ತುದಿ ಒತ್ತಡಕ್ಕೆ ತಗ್ಗುವುದರಿಂದ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿ ನೋಡಿ. ಅತಿ ಬಿಗಿಯೂ ಬೇಡ, ತೆಳು ತುಂಡು ಬಿಲ್ಲಾಗುತ್ತದೆ.

ದುಂಡಗೆ ಮಾಡುವುದಕ್ಕೆ ಸುರುಳಿ ಓಟ ಸರಿ. 700 ಮಿ.ಮೀ. ಉದ್ದಕ್ಕೆ ಸುತ್ತಿಗೆ 3 ಮಿ.ಮೀ.ಯಂತೆ ಹೋದರೆ ಕೊನೆಗೆ 84,000 ಡಿಗ್ರಿ ತಲುಪಿರುತ್ತೀರಿ. ಸೊನ್ನೆಗೆ ಮರಳು ಎಂದು ಬರೆದಿದ್ದರೆ ರೋಟರಿ ಅಷ್ಟೂ ಸುತ್ತನ್ನು ಬಿಚ್ಚುತ್ತಾ ಕೂರುತ್ತದೆ. ಪೂರ್ಣ ಸುತ್ತಿಗೆ ತಂದು ನಿಲ್ಲಿಸಿ, ಅಲ್ಲೇ ಸೊನ್ನೆ ಎಂದು ಹೇಳಿಬಿಡಿ. ಕೆತ್ತನೆಯ ಕೊನೆಯ ಓಟವನ್ನು ಮಾತ್ರ ಉದ್ದಕ್ಕೆ, ಎಳೆಗುಂಟ ಓಡಿಸಿ. ಎಳೆಗೆ ಅಡ್ಡ ಹೋದರೆ ನಾರು ಏಳುತ್ತದೆ; ಉದ್ದಕ್ಕೆ ಹೋದರೆ ರೋಟರಿ ನಿಂತೇ ಹಿಡಿದಿರುವುದರಿಂದ ಅದರ ಸಡಿಲೂ ಕಾಣುವುದಿಲ್ಲ. 6 ಮಿ.ಮೀ. ಬಾಲ್ ನೋಸ್ (ದುಂಡು ತುದಿಯ) ಬಿಟ್‌ನಲ್ಲಿ ಸಾಲಿನಿಂದ ಸಾಲಿಗೆ 0.6 ಮಿ.ಮೀ. ಇಟ್ಟರೆ ನಡುವೆ ಉಳಿಯುವ ಏಣು 0.015 ಮಿ.ಮೀ.; ಮರಳು ಕಾಗದದ ಎರಡು ಉಜ್ಜಿಗೆ ಮಾಯ.

ಕೊನೆಯದಾಗಿ ಅದುರಾಟ. ಅದುರುತ್ತದೆ, ಅನುಮಾನವೇ ಬೇಡ. ದುಂಡು ಸರಳಿನ ಬಾಗದಿರುವ ಶಕ್ತಿ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 60 ಮಿ.ಮೀ. ತುಂಡನ್ನು ಉದ್ದಕ್ಕೂ 20ಕ್ಕೆ ಇಳಿಸಿದರೆ ಅದು 81 ಪಟ್ಟು ಬಳುಕುತ್ತದೆ. ನಿಮ್ಮ ಕಾಲಿನಲ್ಲಿ ಸೊಂಟ ಮಾತ್ರ ತೆಳುವಾದ್ದರಿಂದ ಅಷ್ಟಾಗದು, ಆದರೂ ಕ್ರಮ ಮುಖ್ಯ. ತಿರುಗಿಸುವ ಬಲ ಚಕ್ ಕಡೆಯಿಂದ ಬರುತ್ತದೆ, ಹಾಗಾಗಿ ಟೇಲ್‌ಸ್ಟಾಕ್ ಕಡೆಯ ಭಾಗವನ್ನು ಕೊನೆಯ ಅಳತೆಗೆ ಮೊದಲು ತನ್ನಿ, ಆಮೇಲೆ ಚಕ್ ಕಡೆಗೆ ಬನ್ನಿ. ತೆಳು ಸೊಂಟವನ್ನು ಎಲ್ಲಕ್ಕಿಂತ ಕೊನೆಗೆ, ಹರಿತವಾದ ಬಿಟ್‌ನಲ್ಲಿ, ಅರ್ಧ ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ ತೆಗೆಯಿರಿ. ಕೀರಲು ಸದ್ದು ಬಂದರೆ ರೂಟರಿನ ಸುತ್ತು ಇಳಿಸಿ, ಓಟ ಇಳಿಸಬೇಡಿ. ಎರಡೂ ತುದಿಯಲ್ಲಿ 12 ಮಿ.ಮೀ. ದಪ್ಪದ ಮೊಳೆಯಷ್ಟು ಮರ ಉಳಿಸಿ, ಕಾಲು ಕಳಚಿದ ಮೇಲೆ ಅದನ್ನು ಕೈಗರಗಸದಲ್ಲಿ ಕತ್ತರಿಸಿ.